ಏಳರ ಜರಡಿ ದಾಟಿದ ಸಂಖ್ಯೆ

381654729. ಒಂದರಿಂದ ಒಂಬತ್ತರವರೆಗಿನ ಅಂಕಿಗಳೆಲ್ಲ ಇದರಲ್ಲಿ ಒಂದೊಂದೇ ಸಲ ಬರುತ್ತವೆ. ಎಡದಿಂದ ಎರಡಂಕಿ ತೆಗೆದುಕೊಳ್ಳಿ: 38, ಎರಡರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 381 ಮೂರರಿಂದ, 3816 ನಾಲ್ಕರಿಂದ, ಹೀಗೆ ಒಂಬತ್ತರ ತನಕ. ಆ ಒಂಬತ್ತು ಅಂಕಿಗಳನ್ನು 3,62,880 ಬಗೆಯಲ್ಲಿ ಜೋಡಿಸಬಹುದು. ಈ ಗುಣ ಇರುವುದು ಇದೊಂದಕ್ಕೇ!

ಇದನ್ನು ಹುಡುಕಲು ಕಂಪ್ಯೂಟರ್ ಬೇಡ, ಕಾಗದ ಪೆನ್ಸಿಲ್ ಸಾಕು. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ. ಐದನೆಯ ಅಂಕಿ 5 ಆಗಲೇಬೇಕು. ಎರಡು, ನಾಲ್ಕು, ಆರು, ಎಂಟನೆಯ ಸ್ಥಾನಗಳಲ್ಲಿ ಸಮ ಅಂಕಿಗಳೇ ಕೂರಬೇಕು. ನಾಲ್ಕರ, ಎಂಟರ ನಿಯಮ ಹಚ್ಚಿದರೆ ನಾಲ್ಕನೆಯ ಮತ್ತು ಎಂಟನೆಯ ಸ್ಥಾನಗಳು 2 ಮತ್ತು 6ರ ಪಾಲಾಗುತ್ತವೆ. ನಡುವಿನ ಮೂರಂಕಿಗಳ ಮೊತ್ತ ಮೂರರಿಂದ ಭಾಗವಾಗಬೇಕು; ಹಾಗಾಗಿ ಅಲ್ಲಿ 258 ಇಲ್ಲವೇ 654. ಇಷ್ಟಾದ ಮೇಲೆ ಉಳಿಯುವುದು ಹತ್ತೇ ಸಂಖ್ಯೆ. ಯಾವ ಸುಲಭ ನಿಯಮಕ್ಕೂ ಬಗ್ಗದ ಏಳು ಅವುಗಳಲ್ಲಿ ಒಂಬತ್ತನ್ನು ಜಾಲಿಸಿ ಹಾಕುತ್ತದೆ. 3816547ನ್ನು ಏಳರಿಂದ ಭಾಗಿಸಿ ನೋಡಿ: 545221, ಶೇಷ ಸೊನ್ನೆ.

ಒಂಬತ್ತರದು ತಾನಾಗಿ ಒದಗುತ್ತದೆ, ಅಂಕಿಗಳ ಮೊತ್ತ 45 ತಾನೆ. ಕೊನೆಗೊಂದು ಸೊನ್ನೆ ಸೇರಿಸಿದರೆ ಹತ್ತರದ್ದೂ ಆಯಿತು.