ಬೆನ್ನು ತಿರುಗಿಸಿ ಕೂತ ಕಾಸಲ್ಸ್

ಯೂಸುಫ್ ಕಾರ್ಶ್ ತೆಗೆದ ಭಾವಚಿತ್ರಗಳಲ್ಲಿ ನನ್ನ ಕಣ್ಣು ಮುಖಕ್ಕಿಂತ ಮೊದಲು ಕೈಗಳ ಕಡೆ ಹೋಗುತ್ತದೆ. ಐನ್‌ಸ್ಟೈನ್ ಹೆಣೆದುಕೊಂಡ ಬೆರಳುಗಳು, ಗೆಳತಿಯ ಮುಖವನ್ನು ಮುಟ್ಟಿ ಮಾತು ತಿಳಿಯುವ ಹೆಲನ್ ಕೆಲರ್ ಕೈ. ಎಷ್ಟೋ ಸಲ ಕಾರ್ಶ್ ಕೈಗಳಿಗೆಂದೇ ಬೇರೆ ದೀಪ ಇಡುತ್ತಿದ್ದರು. 8×10 ಇಂಚಿನ ದೊಡ್ಡ ನೆಗೆಟಿವ್ ಚರ್ಮದ ಗೆರೆಗೆರೆಯನ್ನೂ ಹಿಡಿಯುತ್ತಿತ್ತು.

ಈ ಬೆಳಕು ಬಂದದ್ದು ರಂಗಭೂಮಿಯಿಂದ. 1908ರಲ್ಲಿ ಒಟ್ಟೊಮನ್ ಸಾಮ್ರಾಜ್ಯದ ಮಾರ್ದಿನ್‌ನಲ್ಲಿ ಹುಟ್ಟಿದ ಆರ್ಮೇನಿಯನ್ ಹುಡುಗ ಕಾರ್ಶ್, ಆರ್ಮೇನಿಯನ್ನರ ನರಮೇಧದ ಕಾಲವನ್ನು ದಾಟಿ, ಕೆನಡಾದಲ್ಲಿ ಫೋಟೋಗ್ರಾಫರ್ ಆಗಿದ್ದ ಸೋದರಮಾವನ ಮನೆ ಸೇರಿದ. ಬಾಸ್ಟನ್‌ನಲ್ಲಿ ಫೋಟೋಗ್ರಾಫರ್ ಗಾರೊ ಅವರ ಬಳಿ ಕಲಿತದ್ದು ಸಹಜ ಬೆಳಕಿನ ಕೆಲಸ. ಆದರೆ ಒಟ್ಟಾವಾದ ಹವ್ಯಾಸಿ ನಾಟಕಶಾಲೆಯಲ್ಲಿ, ನಟನ ಭಾವವನ್ನು ದೀಪವೇ ಬದಲಿಸಬಲ್ಲದು ಎಂಬುದನ್ನು ಕಂಡಮೇಲೆ ಅವರ ದಾರಿ ಬದಲಾಯಿತು.

1941ರ ಡಿಸೆಂಬರ್ 30ರಂದು ಭಾವಚಿತ್ರ ತೆಗೆಯುವ ಮುನ್ನ ಕಾರ್ಶ್ ಚರ್ಚಿಲ್ ಬಾಯಿಂದ ಸಿಗಾರ್ ಕಿತ್ತ ಕತೆ ಪ್ರಸಿದ್ಧ. ಆ ಗಳಿಗೆಯ ಸಿಡುಕನ್ನು ಜಗತ್ತು ಹಿಟ್ಲರನಿಗೆ ಎದುರು ನಿಂತ ಛಲವೆಂದು ಓದಿಕೊಂಡಿತು. 2016ರಲ್ಲಿ ಆ ಚಿತ್ರ ಬ್ರಿಟನ್ನಿನ ಐದು ಪೌಂಡ್ ನೋಟಿಗೂ ಏರಿತು. ಬೆನ್ನಿಗೇ ತೆಗೆದ, ಚರ್ಚಿಲ್ ನಗುವ ಚಿತ್ರ ಹಿಂದೆ ಉಳಿಯಿತು.

ನನ್ನ ತಕರಾರು ಇರುವುದು ಆಮೇಲಿನ ಕೆಲಸದ ಬಗ್ಗೆ. ವೃತ್ತಿಜೀವನದಲ್ಲಿ ಒಟ್ಟು ಹದಿನೈದು ಸಾವಿರಕ್ಕೂ ಹೆಚ್ಚು ಸಿಟಿಂಗ್‌ಗಳು. ಕಪ್ಪು ಹಿನ್ನೆಲೆ, ಹೊಳೆಯುವ ಹಣೆ, ದೂರಕ್ಕೆ ನೆಟ್ಟ ನೋಟ. ರಾಜಕಾರಣಿ, ವಿಜ್ಞಾನಿ, ಸಿನಿಮಾ ನಟ, ಎಲ್ಲರಿಗೂ ಅದೇ ಗಾಂಭೀರ್ಯ. ಎದುರಿಗೆ ಕೂತವರ ಹಿರಿಮೆಯನ್ನು ಕಾರ್ಶ್ ಪರೀಕ್ಷಿಸುವುದಿಲ್ಲ, ನಂಬಿಕೊಂಡೇ ಬರುತ್ತಾರೆ. ಬಾಲ್ಯದಲ್ಲಿ ಮನುಷ್ಯನ ಕ್ರೌರ್ಯ ಕಂಡವರಿಗೆ ಒಳಿತನ್ನೇ ತೋರಿಸುವ ಹಂಬಲ ಇರುವುದು ನನಗೆ ಅರ್ಥವಾಗುತ್ತದೆ. ಆದರೂ 1957ರಲ್ಲಿ ಫೋಟೋಗ್ರಾಫರ್ ರಿಚರ್ಡ್ ಅವೆಡನ್ ಹಿಡಿದ ಮರ್ಲಿನ್ ಮನ್ರೋಳ ದಣಿದ, ಖಾಲಿಯಾದ ಮುಖಕ್ಕೆ ಕಾರ್ಶರ ಲೋಕದಲ್ಲಿ ಜಾಗವಿಲ್ಲ. ಅದು ಸಣ್ಣ ಕೊರತೆಯಲ್ಲ.

ಈ ಕಟ್ಟುಪಾಡನ್ನು ಅವರೇ ಮುರಿದದ್ದು 1954ರಲ್ಲಿ, ಫ್ರಾನ್ಸಿನ ಪ್ರಾದ್ ಊರಿನ ಬಳಿಯ ಹಳೆಯ ಮಠವೊಂದರಲ್ಲಿ. ಅಲ್ಲಿ ತೆಗೆದ ಚಿತ್ರದಲ್ಲಿ, ಫ್ರಾಂಕೋನ ಸ್ಪೇನ್ ತೊರೆದು ಬಂದಿದ್ದ ಚೆಲ್ಲೋ ವಾದಕ ಪಾಬ್ಲೊ ಕಾಸಲ್ಸ್ ನಮಗೆ ಬೆನ್ನು ಮಾಡಿ ಕೂತಿದ್ದಾರೆ. ಬರಿಯ ಕಲ್ಲುಗೋಡೆ, ಮೇಲೊಂದು ಸಣ್ಣ ಕಿಟಕಿ. ಮುಖವಿಲ್ಲ, ಕಾರ್ಶ್ ಅಷ್ಟು ಪ್ರೀತಿಸಿದ ಕೈಗಳೂ ಕಾಣುವುದಿಲ್ಲ. ಚರ್ಚಿಲ್ ಚಿತ್ರಕ್ಕಿಂತ ಇದನ್ನು ನಾನು ಮೇಲಿಡುತ್ತೇನೆ. ಇಲ್ಲಿ ಯಾರನ್ನೂ ದೊಡ್ಡವರನ್ನಾಗಿ ಮಾಡುವ ಪ್ರಯತ್ನವಿಲ್ಲ. ದೇಶ ಬಿಟ್ಟ ಒಬ್ಬರನ್ನು, ದೇಶ ಬಿಟ್ಟ ಇನ್ನೊಬ್ಬರು ಅವರ ಪಾಡಿಗೆ ನುಡಿಸಲು ಬಿಟ್ಟಿದ್ದಾರೆ.