ಚೀಟಿಯಲ್ಲಿ ಬರೀ ಮೈಸೂರು

2012ರ ನವೆಂಬರಿನಲ್ಲಿ ಬಂಡೀಪುರದ ಕಾಡಿನಲ್ಲಿ ಕೋತಿಗಳು ಸಾಯತೊಡಗಿದವು. ಸತ್ತ ಕೋತಿಗಳನ್ನು ಎತ್ತಿ ಸುಟ್ಟವರಿಗೆ ಜ್ವರ ಬಂತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಪರೀಕ್ಷೆ ಮಾಡಿ, ಇದು ಕ್ಯಾಸನೂರು ಕಾಡಿನ ಕಾಯಿಲೆ ಎಂದಿತು. ಮಲೆನಾಡಿನವರು ಮಂಗನ ಕಾಯಿಲೆ ಅನ್ನುವುದು ಇದನ್ನೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ರೋಗ ಅಲ್ಲಿಂದ 300 ಕಿಲೋಮೀಟರಿಗೂ ಹೆಚ್ಚು ದೂರದ ಗುಂಡ್ಲುಪೇಟೆ ಸೀಮೆಗೆ ಹೇಗೆ ಬಂತು? ಬಂದದ್ದು ನಿಜವೋ, ಮೊದಲಿಂದಲೂ ಇಲ್ಲೇ ಇತ್ತೋ? ಆ ಸೀಮೆಯ ತೆರಕಣಾಂಬಿಯಲ್ಲಿ ದನ ಕಟ್ಟಿಕೊಂಡು ಬದುಕುವವರಿಗೆ ಇದು ಬರೀ ಪಂಡಿತರ ಪ್ರಶ್ನೆಯಲ್ಲ. ಹೊಸದಾಗಿ ಬಂದ ರೋಗವಾದರೆ ಅದು ಬಂದ ದಾರಿಯನ್ನು ಹುಡುಕಬೇಕು. ಹಳೆಯದೇ ಆಗಿದ್ದು ಈಗ ತಲೆ ಎತ್ತಿದ್ದಾದರೆ, ಕಾಡಂಚಿನಲ್ಲಿ ಈಚೆಗೆ ಏನು ಬದಲಾಯಿತು ಎಂದು ಕೇಳಬೇಕು.

ಇಂಥ ಪ್ರಶ್ನೆಗೆ ಉತ್ತರ ವಸ್ತುಸಂಗ್ರಹಾಲಯಗಳ ಡ್ರಾಯರುಗಳಲ್ಲಿದೆ ಎಂಬ ವಾದ ಈಗ ಬಲವಾಗಿದೆ. ಸೂಜಿ ಚುಚ್ಚಿಟ್ಟ ಕೀಟ, ಮದ್ಯಸಾರದಲ್ಲಿ ಮುಳುಗಿಸಿದ ಉಣ್ಣೆ, ಹತ್ತಿ ತುಂಬಿದ ಇಲಿಯ ಚರ್ಮ, ಇವನ್ನೆಲ್ಲ ಚಿತ್ರ ತೆಗೆದು, ಜೊತೆಗಿರುವ ಚೀಟಿಯನ್ನು ಕಂಪ್ಯೂಟರಿಗೆ ಏರಿಸಿದರೆ ಯಾವ ಪರಾವಲಂಬಿ ಯಾವ ವರ್ಷ ಎಲ್ಲಿತ್ತು ಎಂಬ ನಕ್ಷೆ ತಾನಾಗಿ ಮೂಡುತ್ತದೆ ಎಂಬುದು ಅದರ ಭರವಸೆ. ಅಮೆರಿಕದಲ್ಲಿ ಉಣ್ಣೆ, ಚಿಗಟ, ಹೇನುಗಳ 13 ಲಕ್ಷಕ್ಕೂ ಹೆಚ್ಚು ಮಾದರಿಗಳನ್ನು ಹೀಗೆ ಏರಿಸುವ ಗುರಿಯ ‘ಟೆರೆಸ್ಟ್ರಿಯಲ್ ಪ್ಯಾರಸೈಟ್ ಟ್ರ್ಯಾಕರ್’ ಯೋಜನೆಗೆ ಅಲ್ಲಿನ ಸರ್ಕಾರದ ವಿಜ್ಞಾನ ಪ್ರತಿಷ್ಠಾನವೇ ಹಣ ಕೊಟ್ಟಿತು. ಈ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ತೆರಕಣಾಂಬಿಯಲ್ಲಿ ನಿಂತು ನೋಡಿದಾಗ ಅದರ ಆದ್ಯತೆಗಳು ತಲೆಕೆಳಗಾಗಿ ಕಾಣುತ್ತವೆ.

ಹಳೆಯ ಸಂಗ್ರಹ ಗೆದ್ದ ಪ್ರಸಂಗಗಳನ್ನೇ ನೋಡಿ. 1993ರಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ ಹ್ಯಾಂಟಾ ವೈರಾಣು ಜನರನ್ನು ಕೊಂದಾಗ, ಇದು ಎಲ್ಲಿಂದಲೋ ಹೊಸದಾಗಿ ಬಂದದ್ದೆಂಬ ಗುಮಾನಿ ಹಬ್ಬಿತ್ತು. ನ್ಯೂ ಮೆಕ್ಸಿಕೋದ ವಸ್ತುಸಂಗ್ರಹಾಲಯದ ಶೀತಕದಲ್ಲಿ ವರ್ಷಗಳ ಹಿಂದೆ ಇಟ್ಟಿದ್ದ ಕಾಡಿಲಿಗಳ ಅಂಗಾಂಶ ತೆಗೆದು ನೋಡಿದರೆ, ವೈರಾಣು ಮೊದಲೇ ಅಲ್ಲಿತ್ತು. 2023ರಲ್ಲಿ ಪರಾವಲಂಬಿ ತಜ್ಞೆ ಚೆಲ್ಸಿಯಾ ವುಡ್ ಮತ್ತು ಸಂಗಡಿಗರು ಅಮೆರಿಕದ ಪ್ಯೂಜೆಟ್ ಸೌಂಡ್ ಕೊಲ್ಲಿಯ ಮೀನುಗಳಲ್ಲಿ 1880ರಿಂದ 2019ರವರೆಗೆ ಪರಾವಲಂಬಿಗಳು ಹೇಗೆ ಕಡಿಮೆಯಾದವು ಎಂದು ತೋರಿಸಿದರು. ಅವರು ಕೊಯ್ದು ನೋಡಿದ ಮೀನುಗಳು 699. ಕೊಯ್ದು ಎಂಬುದನ್ನು ಗಮನಿಸಬೇಕು. ಎರಡೂ ಕಡೆ ಉತ್ತರ ಕೊಟ್ಟದ್ದು ಚಿತ್ರವಲ್ಲ, ಯಾರೋ ವರ್ಷಗಟ್ಟಲೆ ಬಿಸಾಡದೆ ಕಾಪಾಡಿದ ಮಾಂಸ. ಮೀನಿನ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದರ ಹೊಟ್ಟೆಯ ಹುಳ ಕಾಣುವುದಿಲ್ಲ. ಚಿತ್ರ ತೆಗೆದಾಯಿತಲ್ಲ, ಇನ್ನು ಜಾಡಿಗೆ ಮದ್ಯಸಾರ ಯಾಕೆ ಎಂದು ಲೆಕ್ಕಪತ್ರದವರು ಕೇಳುವ ದಿನ ದೂರವಿಲ್ಲ ಎಂಬ ಭಯ ನನಗಿದೆ.

ಎದುರು ವಾದವೂ ಗಟ್ಟಿಯಾಗಿಯೇ ಇದೆ. 2016ರ ಏಪ್ರಿಲಿನಲ್ಲಿ ದೆಹಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ ಬೆಂಕಿಗೆ ಸಿಕ್ಕಿತು. 2018ರಲ್ಲಿ ಬ್ರೆಜಿಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಉರಿದುಹೋಯಿತು. ಹಾಗೆ ಸುಟ್ಟುಹೋದ ಮಾದರಿಯ ಚಿತ್ರವಾದರೂ ಉಳಿದಿದ್ದರೆ ಅಷ್ಟೇ ಭಾಗ್ಯ.

ಈಗ ಚೀಟಿಯ ವಿಷಯ. ಡಿಜಿಟಲೀಕರಣದ ಬಹುಪಾಲು ಬೆಲೆ ಇರುವುದು ಚಿತ್ರದಲ್ಲಲ್ಲ, ಈ ಬೆರಳಗಲದ ಕಾಗದದಲ್ಲಿ. ನಮ್ಮ ಸೀಮೆಯ ಹಳೆಯ ಚೀಟಿಗಳಲ್ಲಿ ಊರಿನ ಹೆಸರಿಲ್ಲದೆ ‘ಮೈಸೂರು’ ಎಂದಷ್ಟೇ ಇರುವುದು ಅಪರೂಪವಲ್ಲ. ಯಾವ ಮೈಸೂರು? 1956ರ ನವೆಂಬರಿಗೆ ಮುಂಚಿನದಾದರೆ ಹಳೆಯ ಮೈಸೂರು ರಾಜ್ಯ. ಅದರೊಳಗೆ ಸೊರಬವೂ ಇತ್ತು, ಗುಂಡ್ಲುಪೇಟೆಯೂ ಇತ್ತು. ಆಮೇಲಿನದಾದರೆ ಬೀದರಿನಿಂದ ಕೊಳ್ಳೇಗಾಲದವರೆಗೆ ಎಲ್ಲಿ ಬೇಕಾದರೂ ಆಗಬಹುದು, ಏಕೆಂದರೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಜಿಲ್ಲೆಯ ಅರ್ಥದಲ್ಲಿ ಬರೆದಿದ್ದರೆ ಚಾಮರಾಜನಗರ ಪ್ರತ್ಯೇಕವಾದ 1997ರವರೆಗೂ ತೆರಕಣಾಂಬಿ ಮೈಸೂರೇ. ಮೈಸೂರು ನಗರವಂತೂ ಇದ್ದೇ ಇದೆ. ಈ ಚೀಟಿಯನ್ನು ಓದಿ ನಕ್ಷೆಯಲ್ಲಿ ಚುಕ್ಕೆ ಇಡುವ ಗುಮಾಸ್ತನೋ ತಂತ್ರಾಂಶವೋ ಅಂದಾಜಿಗೊಂದು ಜಾಗ ಆರಿಸಿ, ಸುತ್ತಲಿನ ಅನಿಶ್ಚಿತತೆಯ ಅಳತೆಯನ್ನು ಬೇರೆ ಕಾಲಮ್ಮಿನಲ್ಲಿ ನಮೂದಿಸಬೇಕು. ಆ ಅಳತೆಯನ್ನು ನೋಡದೆ ಚುಕ್ಕೆಯನ್ನಷ್ಟೇ ಎತ್ತಿಕೊಂಡರೆ ಮಲೆನಾಡಿನ ಉಣ್ಣೆ ಅರಮನೆಯ ಅಂಗಳದಲ್ಲಿ ಕೂರುತ್ತದೆ! ಮಂಗನ ಕಾಯಿಲೆಯ ಪ್ರಶ್ನೆಯೇ ಸೊರಬವೋ ಬಂಡೀಪುರವೋ ಎಂಬುದಾಗಿರುವಾಗ, ಎರಡನ್ನೂ ಒಂದೇ ಹೆಸರಿನಲ್ಲಿ ನುಂಗಿದ ಚೀಟಿ ನಿರುಪಯೋಗಿ ಮಾತ್ರವಲ್ಲ, ದಾರಿ ತಪ್ಪಿಸುವಂಥದ್ದು. ಇದನ್ನು ಬಿಡಿಸಲು ಬೇಕಾದವರು ಸಂಗ್ರಾಹಕನ ದಿನಚರಿ, ಹಳೆಯ ಗೆಜೆಟಿಯರು, ಹೋಬಳಿ ನಕ್ಷೆಗಳನ್ನು ಓದಬಲ್ಲ, ಇಂಗ್ಲಿಷಿನಲ್ಲಿ ನಾನಾ ಬಗೆಯಾಗಿ ಬರೆದ ಊರ ಹೆಸರಿನ ಹಿಂದೆ ತೆರಕಣಾಂಬಿಯನ್ನು ಗುರುತಿಸಬಲ್ಲ ಜನ. ಲಂಡನ್ನಿನ ವಸ್ತುಸಂಗ್ರಹಾಲಯದ ಮೇಜಿನ ಮುಂದೆ ಕೂತು ಮಾಡುವ ಕೆಲಸ ಇದಲ್ಲ.

ಊರು ಸಿಕ್ಕರೂ ಪ್ರಾಣಿ ಸಿಗಬೇಕಲ್ಲ! ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಆರಂಭಿಸಿದ ಸಸ್ತನಿ ಸಮೀಕ್ಷೆಗಾಗಿ ಜಿ.ಸಿ. ಶಾರ್ಟ್‌ರಿಡ್ಜ್ ಧಾರವಾಡ, ಉತ್ತರ ಕನ್ನಡ, ಕೊಡಗುಗಳಲ್ಲಿ ತಿರುಗಿ ಪ್ರಾಣಿಗಳನ್ನು ಹಿಡಿದರು. ಆ ಸಮೀಕ್ಷೆಯ ಚೀಟಿಗಳು ಆ ಕಾಲಕ್ಕೆ ಶಿಸ್ತಿನವೇ. ಆದರೆ ಅದಕ್ಕೆ ಬೇಕಿದ್ದದ್ದು ಚರ್ಮ ಮತ್ತು ತಲೆಬುರುಡೆ. ಇಲಿಯ ಕಿವಿಯಲ್ಲಿ ಕಚ್ಚಿಕೊಂಡಿದ್ದ ಉಣ್ಣೆ ಅದರ ಕಣ್ಣಿಗೆ ಮಾದರಿಯಲ್ಲ. ಉಣ್ಣೆ ಹಿಡಿಯಲೆಂದೇ ಹೊರಟವರ ಕಥೆ ಉಲ್ಟಾ: ಸೀಸೆಯಲ್ಲಿ ಉಣ್ಣೆ ಉಳಿಯಿತು, ಇಲಿ ಹೋಯಿತು, ಚೀಟಿಯಲ್ಲಿ ಅದರ ಹೆಸರು ಮಾತ್ರ. ಆ ಹೆಸರು ಸರಿಯೋ ಎಂದು ನೋಡಲು ಇಲಿಯೇ ಇಲ್ಲ. ಕ್ಯಾಸನೂರಿನ ಹೆಸರನ್ನೇ ಹೊತ್ತ ಉಣ್ಣೆ ಹಿಮಾಫಿಸಾಲಿಸ್ ಕ್ಯಾಸನೂರೆನ್ಸಿಸ್ ಅನ್ನು 1964ರಲ್ಲಿ ವಿವರಿಸಿದ ಮೂವರಲ್ಲಿ ಹ್ಯಾರಿ ಹೂಗ್‌ಸ್ಟ್ರಾಲ್ ಒಬ್ಬರು. ಅವರ ಅಗಾಧ ಉಣ್ಣೆ ಸಂಗ್ರಹ ಈಗ ಇರುವುದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ. ಹೀಗೆ ಚರ್ಮ ಒಂದು ಖಂಡದಲ್ಲಿ, ಉಣ್ಣೆ ಇನ್ನೊಂದರಲ್ಲಿ, ವೈರಾಣು ಪುಣೆಯ ಶೀತಕದಲ್ಲಿ. ಡಿಜಿಟಲೀಕರಣ ನಿಜವಾಗಿ ಸಾಧಿಸಬಹುದಾದದ್ದು ಈ ಮೂರನ್ನೂ ಒಂದೇ ದಾಖಲೆಯಲ್ಲಿ ಕೂಡಿಸುವುದನ್ನು. ಚೀಟಿಯ ಮೂಲೆಯಲ್ಲಿ ಗೀಚಿದ ಆತಿಥೇಯ ಪ್ರಾಣಿಯ ಹೆಸರನ್ನು ಹೆಕ್ಕಿ ಯಾವ ಪರಾವಲಂಬಿ ಯಾವುದರ ಮೈಮೇಲೆ ಎಂದು ಜೋಡಿಸಲು ಪ್ಯಾರಸೈಟ್ ಟ್ರ್ಯಾಕರ್‌ನವರು ಕೈಹಾಕಿದ್ದಾರೆ. ಆ ಯೋಜನೆಯಲ್ಲಿ ನಾನು ಮೆಚ್ಚುವ ಭಾಗ ಇದೇ.

ಮೈಸೂರಿನ ವಾನ್ ಇಂಗೆನ್ ಕಂಪನಿಯ ಮಾತು ಇಲ್ಲಿ ಬಾರದಿರದು. ಇಪ್ಪತ್ತನೇ ಶತಮಾನದ ಉದ್ದಕ್ಕೂ ಹುಲಿ ಚಿರತೆಗಳನ್ನು ತುಂಬಿ ನಿಲ್ಲಿಸಿಕೊಟ್ಟ ಮನೆತನ ಅದು. ಅಷ್ಟು ಚರ್ಮ ಹಾದುಹೋದ ಇನ್ನೊಂದು ಜಾಗ ದಕ್ಷಿಣದಲ್ಲಿ ಇದ್ದಂತಿಲ್ಲ. ರೋಗದ ಚರಿತ್ರೆಗೆ ಅದರಿಂದ ದಕ್ಕುವುದು ಮಾತ್ರ ಅತ್ಯಲ್ಪ. ಬೇಟೆಗಾರನಿಗೆ ಬೇಕಾದದ್ದು ಗರ್ಜಿಸುವ ಮುಖ, ಮೈಮೇಲಿನ ಉಣ್ಣೆಯಲ್ಲ.

ಚಿತ್ರದ ಗುಣಮಟ್ಟದಲ್ಲೂ ಒಂದು ತೊಡಕಿದೆ. ಮಂಗನ ಕಾಯಿಲೆಯ ಮುಖ್ಯ ವಾಹಕ ಹಿಮಾಫಿಸಾಲಿಸ್ ಸ್ಪಿನಿಜೆರಾ. ಬೆಳೆದ ಉಣ್ಣೆ ದನದಂಥ ದೊಡ್ಡ ಪ್ರಾಣಿಯ ರಕ್ತ ಹೀರುತ್ತದೆ. ಮನುಷ್ಯರಿಗೆ ರೋಗ ಅಂಟಿಸುವುದು ಹೆಚ್ಚಾಗಿ ಅದರ ಮರಿ, ಎಳ್ಳುಕಾಳಿನಷ್ಟರ ಜೀವ. ಸಂಗ್ರಾಹಕನ ಕೈಗೆ ಸುಲಭವಾಗಿ ಸಿಗುವುದು ದೊಡ್ಡದು, ಚಿತ್ರದಲ್ಲಿ ಚೆನ್ನಾಗಿ ಬರುವುದೂ ಅದೇ. ಮರಿಯ ಜಾತಿ ಹೇಳಬೇಕಾದರೆ ಬಾಯಿಭಾಗವನ್ನು ಸೂಕ್ಷ್ಮದರ್ಶಕದಲ್ಲಿ ಅಡಿಯಿಂದ ನೋಡಬೇಕು. ಬೆನ್ನಿನ ಒಂದು ಚಿತ್ರ ತೆಗೆದು ‘ಮುಗಿಯಿತು’ ಎಂದು ಗುರುತು ಹಾಕಿದರೆ ಸಂಖ್ಯೆ ಏರುತ್ತದೆ, ತಿಳಿವಳಿಕೆ ಅಲ್ಲೇ ನಿಲ್ಲುತ್ತದೆ.

ಕಾಪಾಡಿಟ್ಟ ಮಾದರಿ ಮಾತಾಡಿದರೂ ಒಂದೇ ಮಾತು ಹೇಳುವುದಿಲ್ಲ. 1957ರಿಂದ 2006ರವರೆಗೆ ಭಾರತದಲ್ಲಿ ಬೇರ್ಪಡಿಸಿ ಉಳಿಸಿಕೊಂಡಿದ್ದ 48 ವೈರಾಣುಗಳ ವಂಶವಾಹಿಯನ್ನು ಓದಿದ 2009ರ ಅಧ್ಯಯನ, ಇವುಗಳ ಮೂಲ ಸುಮಾರು 1942ರದ್ದು ಎಂದಿತು. 2011ರಲ್ಲಿ ಇನ್ನೊಂದು ತಂಡ ಪೂರ್ಣ ಜೀನೋಮುಗಳನ್ನು ಹೋಲಿಸಿ, ಈ ವೈರಾಣು ಮತ್ತು ಅದರ ಸೌದಿ ಅರೇಬಿಯದ ದಾಯಾದಿ ಬೇರೆಯಾಗಿ ಸುಮಾರು 700 ವರ್ಷಗಳಾದವು ಎಂದಿತು. ಒಂದರ ಪ್ರಕಾರ ಎರಡನೇ ಮಹಾಯುದ್ಧದ ಕಾಲ, ಇನ್ನೊಂದರ ಪ್ರಕಾರ ಹೊಯ್ಸಳರು ಅಳಿಯುತ್ತಿದ್ದ ಕಾಲ. ನನಗೆ ಎರಡನೆಯದೇ ಹೆಚ್ಚು ನಂಬಿಕೆಗೆ ಅರ್ಹ ಅನ್ನಿಸುತ್ತದೆ, ಅದು ಓದಿದ್ದು ಇಡೀ ಜೀನೋಮನ್ನು. ಅಂತೂ ಇದು ಹೊಸಬ, ವಲಸೆ ಹಕ್ಕಿಗಳು ಸೈಬೀರಿಯದ ಕಡೆಯಿಂದ ತಂದಿರಬೇಕು ಎಂಬ ಐವತ್ತರ ದಶಕದ ಗುಮಾನಿ ಸಡಿಲವಾಗಿದೆ. ಆ ಗುಮಾನಿಯ ಬೆನ್ನಲ್ಲೇ ಸಾಲಿಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನ ನಡೆಯಿತು. ರೋಗದ ಪ್ರಶ್ನೆ ಬಗೆಹರಿಯದಿದ್ದರೂ ನಮ್ಮ ಹಕ್ಕಿಶಾಸ್ತ್ರಕ್ಕೆ ಲಾಭವಾಯಿತು.

ಡ್ರಾಯರಿನಲ್ಲಿ ಇಲ್ಲದ್ದೂ ಒಂದಿದೆ. ಬಂಡೀಪುರದ ಅಂಚಿನ ಹಳ್ಳಿಗಳ ಬಗ್ಗೆ ಎಂ.ಡಿ. ಮಧುಸೂದನ್ 2005ರಲ್ಲಿ ಪ್ರಕಟಿಸಿದ ಅಧ್ಯಯನ, ಕಾಫಿಯ ಬೆಲೆಗೂ ಕಾಡಿನಲ್ಲಿ ಮೇಯುವ ದನಕ್ಕೂ ಇರುವ ನಂಟನ್ನು ತೋರಿಸಿತ್ತು. ಕಾಫಿಗೆ ಬೆಲೆ ಬಂದಾಗ ತೋಟದವರು ದನದ ಗೊಬ್ಬರ ಕೊಳ್ಳತೊಡಗಿದರು, ಗೊಬ್ಬರಕ್ಕಾಗಿ ದನ ಹೆಚ್ಚಿದವು, ಅವು ಮೇಯಲು ಕಾಡಿಗೆ ಹೋದವು. ದನ ಉಣ್ಣೆಗೆ ಊಟ. ಬಂಡೀಪುರದ ರೋಗಕ್ಕೆ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಇಂಥ ಕಾರಣ ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ನಕ್ಷೆಯ ಚುಕ್ಕೆಗಳು ತೋರಿಸುವುದು ಸಂಗ್ರಾಹಕನ ಬಂಡಿ ಹೋದ ದಾರಿಯನ್ನು, ಅವನು ಇಳಿದ ಪ್ರವಾಸಿ ಬಂಗಲೆಯನ್ನು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯ ತೆರಕಣಾಂಬಿಯಲ್ಲಿ ಚುಕ್ಕೆ ಇಲ್ಲದಿದ್ದರೆ ಅಲ್ಲಿ ಉಣ್ಣೆ ಇಲ್ಲವೆಂದಲ್ಲ, ಯಾರೂ ಹುಡುಕಲಿಲ್ಲ ಎಂದಷ್ಟೇ. ಖಾಲಿ ಜಾಗವನ್ನು ಸುರಕ್ಷಿತ ಜಾಗ ಎಂದು ಓದುವ ಆರೋಗ್ಯ ಇಲಾಖೆಗಿಂತ ನಕ್ಷೆಯೇ ಇಲ್ಲದ ಇಲಾಖೆ ಮೇಲು.

ಹಾಗಾಗಿ ಹಣ ಇದ್ದರೆ ಅದರಲ್ಲಿ ಅರ್ಧವನ್ನಾದರೂ ನಾನು ಹೊಸ ಸಂಗ್ರಹಕ್ಕೆ ಹಾಕುತ್ತಿದ್ದೆ. 1995ರಿಂದ ಮೈಸೂರಿನ ಕಾರಂಜಿ ಕೆರೆಯ ದಡದಲ್ಲಿ ಪ್ರಾದೇಶಿಕ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯವಿದೆ. ಶಾಲೆಯ ಮಕ್ಕಳಿಗೆ ಅದು ಒಳ್ಳೆಯದೇ. ಅದರ ಹಿಂಬದಿಯಲ್ಲಿ ಸಂಶೋಧನೆಗೆಂದೇ ಒಂದು ಉಣ್ಣೆಯ ಕೋಣೆ ಇರಲಿ. ತೆರಕಣಾಂಬಿ ಹೋಬಳಿಯ ದನಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯರು ಬೇಸಿಗೆ ಮಳೆಗಾಲವೆನ್ನದೆ ತಿಂಗಳಿಗೊಮ್ಮೆ ಕಿತ್ತ ಉಣ್ಣೆಗಳನ್ನು ಮದ್ಯಸಾರದ ಸೀಸೆಗೆ ಹಾಕಿ ಅಲ್ಲಿಗೆ ಕಳಿಸಲಿ. ಚೀಟಿಯಲ್ಲಿ ತಾರೀಖು, ಹಳ್ಳಿಯ ಹೆಸರು ಕನ್ನಡದಲ್ಲಿ, ಹಸುವೋ ಎಮ್ಮೆಯೋ, ಹೋದ ವಾರ ಅದು ಮೇಯ್ದದ್ದು ಊರಿನ ಗೋಮಾಳದಲ್ಲೋ ಕಾಡಿನ ಒಳಗೋ ಎಂಬುದಿರಲಿ. ಉಣ್ಣೆ ಒಂದೂ ಸಿಗದ ತಿಂಗಳಲ್ಲಿ ಸಿಗಲಿಲ್ಲ ಎಂದೇ ಬರೆದು ಕಳಿಸಲಿ.