ಪೀಠಿಕೆ ಓದಾಯಿತು, ಕಡತ ಎಲ್ಲಿದೆ?

ಬೆಂಗಳೂರಿನ ಕೆಂಗೇರಿಯಲ್ಲಿ ರೈಲು ನಿಲ್ದಾಣವಿದೆ, ಬಸ್ ನಿಲ್ದಾಣವಿದೆ, ಮೆಟ್ರೊ ಇದೆ. ರೈಲು ಪೂರ್ತಿ ಕೇಂದ್ರದ್ದು, ಬಿಎಂಟಿಸಿ ರಾಜ್ಯದ್ದು, ಮೆಟ್ರೊ ಇಬ್ಬರಿಗೂ ಸಮಪಾಲು. ಬಡಾವಣೆಯ ಒಳರಸ್ತೆ, ಅದರ ಫುಟ್‌ಪಾತು, ಅಲ್ಲಿ ನಿಂತ ತರಕಾರಿ ಗಾಡಿ ಪಾಲಿಕೆಯ ಲೆಕ್ಕಕ್ಕೆ. ಉಪನಗರದ ಹೆಣ್ಣುಮಗಳೊಬ್ಬಳು ಬಿಎಂಟಿಸಿಯ ಸಾಮಾನ್ಯ ಬಸ್ ಹತ್ತಿದರೆ 2023ರ ಜೂನ್ 11ರಿಂದ ಟಿಕೆಟಿಗೆ ಕಾಸು ಕೊಡಬೇಕಿಲ್ಲ. ಮೆಟ್ರೊ ಹತ್ತಿದರೆ ಕೊಡಬೇಕು. ಎರಡೂ 'ಸರ್ಕಾರದ್ದೇ' ಆಗಿರುವಾಗ ಹೀಗೇಕೆ ಎಂದು ಕೇಳಿದರೆ ನಮ್ಮ ಕ್ಷೇಮಾಭಿವೃದ್ಧಿ ಸಂಘಗಳ ಪದಾಧಿಕಾರಿಗಳಲ್ಲೂ ಬಹಳ ಮಂದಿ ತಡವರಿಸುತ್ತಾರೆ. ಸಂವಿಧಾನದ ಬಗ್ಗೆ ಇಷ್ಟೊಂದು ಸಭೆ, ಜಾಥಾ, ಕಾರ್ಯಾಗಾರ ನಡೆದಿರುವ ರಾಜ್ಯದಲ್ಲಿ ಈ ತಡವರಿಕೆ ಯಾಕೆ ಉಳಿಯಿತು ಎಂಬುದೇ ಇಲ್ಲಿ ನನ್ನ ಪ್ರಶ್ನೆ.

ಕಳೆದ ಕೆಲವು ವರ್ಷಗಳಲ್ಲಿ ಕರ್ನಾಟಕದಷ್ಟು ಗಟ್ಟಿದನಿಯಲ್ಲಿ ಸಂವಿಧಾನದ ಮಾತಾಡಿದ ರಾಜ್ಯಗಳು ಕಡಿಮೆ. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಅವರ 'ಸಂವಿಧಾನ ಓದು' ಕಾಲೇಜುಗಳಿಂದ ಹಿಡಿದು ಸಂಘಟನೆಗಳ ಅಧ್ಯಯನ ಶಿಬಿರದವರೆಗೆ ಕೈಪಿಡಿಯಾಯಿತು. 2023ರ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಪೀಠಿಕೆಯ ಸಾಮೂಹಿಕ ಓದು ನಡೆಯಿತು. 2024ರ ಗಣರಾಜ್ಯೋತ್ಸವದಿಂದ ಸಂವಿಧಾನ ಜಾಗೃತಿ ಜಾಥಾದ ಸ್ತಬ್ಧಚಿತ್ರಗಳು ಗ್ರಾಮ ಪಂಚಾಯಿತಿಗಳನ್ನು ಸುತ್ತಿದವು. ಅದೇ ವರ್ಷದ ಸೆಪ್ಟೆಂಬರ್ 15ಕ್ಕೆ ಬೀದರಿನಿಂದ ಚಾಮರಾಜನಗರದವರೆಗೆ ಸುಮಾರು 2,500 ಕಿಲೋಮೀಟರ್ ಮಾನವ ಸರಪಳಿ. ಇದನ್ನೆಲ್ಲ ಬರೀ ಆಡಂಬರ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಸಮಾನತೆ ಎಂಬ ಮಾತನ್ನು ಊರ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದುವುದೇ ಕೆಲವು ಊರುಗಳಲ್ಲಿ ದೊಡ್ಡ ಸಂಗತಿ.

ಆದರೆ ಸರಪಳಿ ಕಟ್ಟಿದ ಆ ದಿನ ಬೆಂಗಳೂರಿನ ಸ್ಥಿತಿ ಏನಿತ್ತು? ಮಹಾನಗರ ಪಾಲಿಕೆ ಬಿಬಿಎಂಪಿಯ ಚುನಾಯಿತ ಮಂಡಳಿಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಹೈಕೋರ್ಟ್ ಚುನಾವಣೆಗೆ ಆದೇಶಿಸಿತು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ವಾರ್ಡುಗಳ ಸಂಖ್ಯೆ 198ರಿಂದ 243ಕ್ಕೆ, ಅಲ್ಲಿಂದ 225ಕ್ಕೆ ಕುಣಿಯಿತು. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂದರೂ ಕಾರ್ಪೊರೇಟರ್ ಬರಲಿಲ್ಲ. ಸಂವಿಧಾನದ ಹೆಸರಿನಲ್ಲಿ ಕೈಕೈ ಹಿಡಿದು ನಿಂತ ದಿನ, ಅದೇ ಸಂವಿಧಾನ ಕಡ್ಡಾಯ ಮಾಡಿದ ನಗರ ಮಂಡಳಿ ಇಲ್ಲದೆ ರಾಜಧಾನಿ ನಾಲ್ಕು ವರ್ಷ ದಾಟಿತ್ತು. ವೇದಿಕೆಯ ಮೇಲೆ ಯಾರೂ ಇದನ್ನು ಪಾಠವಾಗಿ ಎತ್ತಿಕೊಳ್ಳದಿದ್ದರೆ ಆಶ್ಚರ್ಯವಿಲ್ಲ; ವೇದಿಕೆ ಹಾಕಿದ್ದೇ ಸರ್ಕಾರ.

ದೋಷ ಇಷ್ಟೇ ಆಗಿದ್ದರೆ ರಾಜಕೀಯದ ಟೀಕೆಯೊಂದಿಗೆ ಮುಗಿಸಬಹುದಿತ್ತು. ಪಠ್ಯದ ಆಯ್ಕೆಯಲ್ಲೇ ಇನ್ನೊಂದು ತೊಡಕಿದೆ. ಪೀಠಿಕೆಯಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಇವೆ. ಯಾವ ಕೆಲಸ ಕೇಂದ್ರದ್ದು, ಯಾವುದು ರಾಜ್ಯದ್ದು, ಯಾವುದು ಪಾಲಿಕೆಯದ್ದು ಎಂಬ ಸುಳಿವು ಅಲ್ಲಿಲ್ಲ. ಅದಕ್ಕೆ ಏಳನೆಯ ಅನುಸೂಚಿಯ ಮೂರು ಪಟ್ಟಿಗಳಿಗೆ, ನಗರಗಳಿಗೆ 18 ವಿಷಯಗಳನ್ನು ಹೆಸರಿಸುವ ಹನ್ನೆರಡನೆಯ ಅನುಸೂಚಿಗೆ ಹೋಗಬೇಕು. ಆ ಪುಟಗಳನ್ನು ಯಾರೂ ಸಾಮೂಹಿಕವಾಗಿ ಓದಿಸುವುದಿಲ್ಲ. ಓದಿಸಿದರೆ ನಿದ್ದೆ ಬರುತ್ತದೆ, ಒಪ್ಪುತ್ತೇನೆ. ಆದರೆ ಬಡಾವಣೆಯ ಪರವಾಗಿ ಕಚೇರಿ ಅಲೆಯುವ ಕಾರ್ಯಕರ್ತನಿಗೆ ಬೇಕಾದದ್ದು ಆ ಪುಟಗಳೇ.

ಮೆಟ್ರೊ ದರದ ಕತೆ ನೋಡಿ. 2025ರ ಫೆಬ್ರುವರಿ 9ರಿಂದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ರಾಜ್ಯ ಕೇಂದ್ರದತ್ತ ಬೆರಳು ಮಾಡಿತು, ಕೇಂದ್ರದ ಪಕ್ಷದವರು ರಾಜ್ಯದತ್ತ. ಬರೆದಿಟ್ಟ ವಿಧಾನ ಇದು: 2002ರ ಮೆಟ್ರೊ ರೈಲ್ವೆ ಕಾಯ್ದೆಯಡಿ ಕೇಂದ್ರ ದರ ನಿಗದಿ ಸಮಿತಿ ನೇಮಿಸುತ್ತದೆ, ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ ಅಧ್ಯಕ್ಷರು, ಕೇಂದ್ರದಿಂದ ಒಬ್ಬರು, ರಾಜ್ಯದಿಂದ ಒಬ್ಬರು ಸದಸ್ಯರು, ಸಮಿತಿಯ ಶಿಫಾರಸಿಗೆ ಮೆಟ್ರೊ ನಿಗಮ ಬದ್ಧ. ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿದ್ದು 2024ರ ಅಕ್ಟೋಬರಿನಲ್ಲಿ. ಸಿಟ್ಟು ಬಂದದ್ದು ಫೆಬ್ರುವರಿಯಲ್ಲಿ. ಕೂಗಾಟದ ನಂತರ ಕೆಲವು ಹಂತಗಳಲ್ಲಿ ದರ ತುಸು ಇಳಿಯಿತಾದರೂ ಗರಿಷ್ಠ 90 ಹಾಗೇ ಉಳಿಯಿತು. ಬಿಎಂಟಿಸಿ ದರ ಅದೇ ವರ್ಷದ ಜನವರಿಯಲ್ಲಿ ಶೇ 15 ಏರಿದ್ದು ರಾಜ್ಯದ ತೀರ್ಮಾನ. ಅಲ್ಲಿ ತಟ್ಟಬೇಕಾದ ಬಾಗಿಲೇ ಬೇರೆ. ಎರಡಕ್ಕೂ ಒಂದೇ ಮನವಿ ಪತ್ರ ಬರೆದು ಶಾಸಕರ ಕೈಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುವ ನಮ್ಮ ರೂಢಿ ಈ ಅಜ್ಞಾನದ ಮೇಲೆ ನಿಂತಿದೆ.

ಬೆಂಗಳೂರಿಗೆ ಇನ್ನೊಂದು ಪರಂಪರೆಯೂ ಇದೆ, ಅದು ಜಾಥಾದ ಪರಂಪರೆ ಅಲ್ಲ. ಸ್ಯಾಮ್ಯುಯಲ್ ಪಾಲ್ ಅವರ ಪಬ್ಲಿಕ್ ಅಫೇರ್ಸ್ ಸೆಂಟರ್ 1994ರಲ್ಲೇ ನಾಗರಿಕರ ಅಂಕಪಟ್ಟಿ ತಂದು ಸರ್ಕಾರಿ ಸೇವೆಗಳಿಗೆ ಜನರಿಂದ ಅಂಕ ಹಾಕಿಸಿತು. 2001ರಲ್ಲಿ ಹುಟ್ಟಿದ ಜನಾಗ್ರಹ ಮತ್ತಿತರ ಸಂಸ್ಥೆಗಳು ಮರುವರ್ಷ 'ಪ್ರೂಫ್' ಅಭಿಯಾನ ನಡೆಸಿ, ಮಹಾನಗರ ಪಾಲಿಕೆಯ ತ್ರೈಮಾಸಿಕ ಲೆಕ್ಕಪತ್ರವನ್ನು ಸಭಾಂಗಣದಲ್ಲಿ ಜನರ ಮುಂದಿಡುವಂತೆ ಮಾಡಿದವು. ನನ್ನ ತೂಕದಲ್ಲಿ ಈ ನಗರದ ಅತ್ಯುತ್ತಮ ನಾಗರಿಕ ಪಾಠ ಅದೇ. ಜಮಾ-ಖರ್ಚು ಓದಲು ಕಲಿತವರಿಗೆ ಭಾಷಣದ ಹಂಗಿಲ್ಲ. ಆದರೆ ಅದು ಹೆಚ್ಚಾಗಿ ಇಂಗ್ಲಿಷ್ ಬಲ್ಲ ಮಧ್ಯಮ ವರ್ಗದ ಪಾಠವಾಯಿತು ಎಂಬ ಟೀಕೆಯಲ್ಲಿ ಹುರುಳಿದೆ. ಲೆಕ್ಕಪತ್ರದ ಕನ್ನಡ ಬಲ್ಲ ಕಾರ್ಯಕರ್ತರ ಪಡೆ ಅದರಿಂದ ಬೆಳೆಯಲಿಲ್ಲ. 2013ರಲ್ಲಿ ಶುರುವಾದ ಬಿ-ಪ್ಯಾಕ್ ಸಂಸ್ಥೆ ಮುಂದೆ 'ಬಿ-ಕ್ಲಿಪ್' ಎಂಬ ಹೆಸರಿನಲ್ಲಿ ಪಾಲಿಕೆ ರಾಜಕಾರಣಕ್ಕೆ ಬರಬಯಸುವವರಿಗೆ ತರಬೇತಿ ಕೊಟ್ಟಿತು. ಕಲಿತವರು ನಿಲ್ಲಲು 2020ರ ಬಳಿಕ ವರ್ಷಗಟ್ಟಲೆ ಚುನಾವಣೆಯೇ ಇರಲಿಲ್ಲ.

ಕೆಂಗೇರಿಗೆ ಈ ನಷ್ಟ ಎರಡು ಪಟ್ಟು. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ಏಳು ನಗರಸಭೆಗಳ ಜೊತೆ ಸೇರಿಹೋದ ಏಕೈಕ ಪುರಸಭೆ ಕೆಂಗೇರಿಯದು. ಊರಿಗೆ ಸ್ವಂತ ಅಧ್ಯಕ್ಷರಿದ್ದ ಸಂಸ್ಥೆ ಹೋಗಿ, 2010ರ ಚುನಾವಣೆ ಹೊತ್ತಿಗೆ ಕೆಂಗೇರಿ 198 ವಾರ್ಡುಗಳಲ್ಲಿ ಒಂದಾಯಿತು. ವಾರ್ಡ್ ಸಮಿತಿ ಎಂಬ ಸಮಾಧಾನ ಕಾಗದದ ಮೇಲಿತ್ತು: ಕಾರ್ಪೊರೇಟರ್ ಅಧ್ಯಕ್ಷತೆ, ಹತ್ತು ಸದಸ್ಯರು, ಅವರಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿ ಸಂಘಗಳಿಗೆ ಸ್ಥಾನ. ಕಸ ವಿಲೇವಾರಿಯ ಮೊಕದ್ದಮೆಯಲ್ಲಿ ಹೈಕೋರ್ಟ್ ಹಿಂದೆ ಬಿದ್ದ ಮೇಲೆಯೇ ಅವು ಸಭೆ ಸೇರತೊಡಗಿದ್ದು. ಕಾರ್ಪೊರೇಟರ್ ಹೋದ ಮೇಲೆ ನೋಡಲ್ ಅಧಿಕಾರಿಯೇ ಸಭೆ ಕರೆಯುವವರು, ಅವರೇ ಉತ್ತರ ಕೊಡುವವರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಒಡೆದು ಐದು ಪಾಲಿಕೆಗಳಾದಾಗ ಇನ್ನೊಮ್ಮೆ ನಕ್ಷೆ ಬದಲಾಯಿತು. ಇಷ್ಟರ ನಡುವೆ ನೀರು ಜಲಮಂಡಳಿಯ ಕೈಲಿ, ಹೊಸ ಬಡಾವಣೆ ಬಿಡಿಎ ಕೈಲಿ. ಪಕ್ಕದಲ್ಲೇ ನೊರೆ ಹೊತ್ತು ಹರಿಯುವ ವೃಷಭಾವತಿ ನದಿಗೆ ಎಷ್ಟು ಕಚೇರಿಗಳು ಯಜಮಾನರೆಂದು ಎಣಿಸಲು ಹೊರಟರೆ ಇನ್ನೊಂದು ಲೇಖನ ಬೇಕು.

ತರಬೇತಿಗೆ ನಾನೇ ಒಂದು ಪಠ್ಯ ಆರಿಸಬೇಕೆಂದರೆ ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯನ್ನು ಆರಿಸುತ್ತೇನೆ. ಸಂಸತ್ತು ಮಾಡಿದ ಪ್ರಗತಿಪರ ಕಾನೂನುಗಳಲ್ಲಿ ಅದಕ್ಕೆ ಎತ್ತರದ ಜಾಗವಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸಬೇಕಾದಾಗಲೂ 30 ದಿನಗಳ ನೋಟಿಸ್ ಬೇಕು. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40 ಸ್ಥಾನ ವ್ಯಾಪಾರಿಗಳೇ ಚುನಾಯಿಸಿದ ಪ್ರತಿನಿಧಿಗಳಿಗೆ, ಅದರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿಗೆ. ಕಾನೂನು ದೆಹಲಿಯದು, ನಿಯಮ ಮತ್ತು ಯೋಜನೆ ರಾಜ್ಯದ್ದು, ಸಮಿತಿಯ ಅಧ್ಯಕ್ಷತೆ ಪಾಲಿಕೆ ಆಯುಕ್ತರದು, ಗಾಡಿ ಎತ್ತಿಸಲು ಬರುವುದು ಕೆಳಹಂತದ ಸಿಬ್ಬಂದಿ. ಮೂರು ಸರ್ಕಾರಗಳ ಕೀಲು ಎಲ್ಲೆಲ್ಲಿ ಸಡಿಲ ಎಂಬುದು ಒಂದೇ ತಳ್ಳುಗಾಡಿಯ ಸುತ್ತ ಕಾಣುತ್ತದೆ. ಆದರೆ ಬೀದಿಗೆ ತಲುಪಿದ್ದು 2020ರ ಕೇಂದ್ರದ ಸ್ವನಿಧಿ ಸಾಲದ ಸುದ್ದಿ: ಆಗ ಮೊದಲ ಕಂತು ಹತ್ತು ಸಾವಿರ, ಬ್ಯಾಂಕು, ಆಧಾರ್. ಸಾಲಗಾರರಾಗಲು ಕಲಿಸಿದ ಉತ್ಸಾಹದಲ್ಲಿ ಕಾಲುಭಾಗದಷ್ಟನ್ನಾದರೂ ಸಮಿತಿಗೆ ಮತ ಹಾಕುವುದನ್ನು ಕಲಿಸಲು ಬಳಸಿದ್ದರೆ, ಗಾಡಿ ಎತ್ತಿಸಲು ಬಂದವರಿಗೆ ವ್ಯಾಪಾರಿ ಕೇಳುವ ಮೊದಲ ಪ್ರಶ್ನೆ 'ನೋಟಿಸ್ ಎಲ್ಲಿ?' ಎಂದಾಗುತ್ತಿತ್ತು.

ಸಂಘಟನೆಗಳ ಗೆಳೆಯರು ಇದಕ್ಕೊಂದು ಆಕ್ಷೇಪ ಎತ್ತುತ್ತಾರೆ: ಕಚೇರಿಯ ದಾರಿ ಕಲಿಸುತ್ತ ಕೂತರೆ ಹೋರಾಟಗಾರ ದಲ್ಲಾಳಿಯಾಗುತ್ತಾನೆ. ಈ ಅಪಾಯ ನಿಜ. ಅರ್ಜಿ ಬರೆದುಕೊಟ್ಟೇ ಬದುಕು ಕಟ್ಟಿಕೊಂಡ 'ಮುಖಂಡರು' ಪ್ರತಿ ವಾರ್ಡಿನಲ್ಲೂ ಇದ್ದಾರೆ. ಆದರೆ ದಾರಿ ಒಬ್ಬನಿಗೇ ಗೊತ್ತಿರುವವರೆಗೆ ಮಾತ್ರ ದಲ್ಲಾಳಿಗೆ ಬೆಲೆ. ಕರ್ನಾಟಕ ಕೇಂದ್ರಕ್ಕಿಂತ ಐದು ವರ್ಷ ಮೊದಲೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿದ ರಾಜ್ಯ. ವಾರ್ಡ್ ಸಮಿತಿಯ ಹಿಂದಿನ ಸಭೆಗಳ ನಡಾವಳಿಯ ಪ್ರತಿ ಕೇಳಿ ಹತ್ತು ರೂಪಾಯಿಯ ಅರ್ಜಿಯನ್ನು ಶಿಬಿರಕ್ಕೆ ಬಂದ ಪ್ರತಿಯೊಬ್ಬರಿಂದಲೂ ಬರೆಸುವುದು ಮೊದಲ ದಿನದ ಕೆಲಸವಾಗಬಹುದು. ಪ್ರತಿ ಬಂದವರು ಅದನ್ನು ಓದಲಿ. 'ಅಂಥ ಸಭೆ ನಡೆದಿಲ್ಲ' ಎಂದು ಬರವಣಿಗೆಯಲ್ಲಿ ಉತ್ತರ ಬಂದರೆ ಎರಡನೆಯ ದಿನದ ಪಠ್ಯ ಅದೇ.